ಎಳ್ಳಿನ ಜೊತೆ ಕಳಿಸಿದ ಮಾತು

ಸಂಕ್ರಾಂತಿಯ ಮರುದಿನ ಬೆಳಗ್ಗೆ ಹತ್ತನೇ ಕ್ಲಾಸಿನ ಆರು ಮಕ್ಕಳನ್ನು ಮುಂದಿನ ಕೋಣೆಯಲ್ಲಿ ಕೂರಿಸಿಕೊಂಡು ಫ್ರೆಂಚ್ ವ್ಯಾಕರಣ ಹೇಳಿಕೊಡುತ್ತಿದ್ದೆ. ನಾನು ಕೂರುವ ಕುರ್ಚಿಯಿಂದ ನಡುಮನೆ ದಾಟಿ ಅಡುಗೆಮನೆಯವರೆಗೂ ಕಾಣುತ್ತದೆ. ಚಾಮರಾಜಪೇಟೆಯ ಹಳೆಯ ಮನೆಗಳೇ ಹೀಗೆ, ಬೀದಿ ಬಾಗಿಲಲ್ಲಿ ನಿಂತವರಿಗೆ ಹಿತ್ತಲಿನ ಒಗೆಯುವ ಕಲ್ಲು ಕಾಣುತ್ತದೆ, ಯಾವ ಗುಟ್ಟೂ ಉಳಿಯುವುದಿಲ್ಲ. ಅಮ್ಮ ಎರಡನೇ ಕಾಫಿ ಪಕ್ಕದಲ್ಲಿಟ್ಟುಕೊಂಡು ಸ್ಟೂಲಿನ ಮೇಲೆ ಕೂತು ಎಳ್ಳಿನ ಕವರೊಂದನ್ನು ಕತ್ತರಿಸುತ್ತಿದ್ದಳು. ಹಿಂದಿನ ದಿನ ನಾನು ವೈಯಾಲಿಕಾವಲ್‌ನಿಂದ ತಂದು, ಚಿಕ್ಕಮ್ಮ ಕೊಟ್ಟಿದ್ದು ಎಂದು ಅವಳ ಕೈಗಿತ್ತ ಕವರು ಅದು. ಅಮ್ಮ ಒಂದಿಷ್ಟನ್ನು ಅಂಗೈಗೆ ಸುರಿದುಕೊಂಡಳು. ಅದರಲ್ಲಿ ಬಣ್ಣವೇ ಇರಲಿಲ್ಲ. ಅಷ್ಟು ದೂರದಿಂದಲೂ ಅದು ನನಗೆ ಕಂಡಿತು, ಸಿಕ್ಕಿಬಿದ್ದೆ ಎಂದು ಹೆದರಿದೆ.

ಚಿಕ್ಕಮ್ಮ ಅಂದರೆ ಅಮ್ಮನ ತಂಗಿ. ಅವರ ಎಳ್ಳಿನಲ್ಲಿ ಬಣ್ಣದ ಜೀರಿಗೆ ಮಿಠಾಯಿ ಇರಲೇಬೇಕು, ಗುಲಾಬಿ, ಹಳದಿ, ಹಸಿರು. ಅಮ್ಮನ ದೃಷ್ಟಿಯಲ್ಲಿ ಅದು ಅನಾಚಾರ. ಅಮ್ಮನದು ತರಗುಪೇಟೆಯಿಂದಲೇ ತರಿಸಿದ ಬಿಳಿ ಎಳ್ಳು, ಸಿಪ್ಪೆ ತೆಗೆದ ಕಡಲೆಕಾಯಿ ಬೀಜ, ಹುರಿಗಡಲೆ, ಅಡಕತ್ತರಿಯಲ್ಲಿ ಒಂದೇ ಅಳತೆಗೆ ಕತ್ತರಿಸಿದ ಬೆಲ್ಲ. ಕೊಬ್ಬರಿಯ ಕಂದು ಬೆನ್ನನ್ನು ಪೂರ್ತಿ ಹೆರೆದು, ಬೆಳ್ಳಗಾದ ಮೇಲೆಯೇ ಹೆಚ್ಚುತ್ತಾಳೆ. ಎಪ್ಪತ್ತೊಂಬತ್ತರ ವಯಸ್ಸಿನಲ್ಲೂ ಈ ಕೆಲಸವನ್ನು ಇನ್ನೊಬ್ಬರಿಗೆ ಬಿಡುವವಳಲ್ಲ. ಈಗ ಅವಳ ಅಂಗೈಯಲ್ಲಿದ್ದದ್ದು ಅವಳೇ ಮಾಡಿದ ಎಳ್ಳು.

ನಮ್ಮೂರಿನಲ್ಲಿ ಇದು ಹೊಸದೇನಲ್ಲ. ಹತ್ತು ಮನೆಯಿಂದ ಬಂದ ಎಳ್ಳನ್ನೇ ಹನ್ನೊಂದನೇ ಮನೆಗೆ ದಾಟಿಸುವವರು ಬೀದಿಗೆ ನಾಲ್ಕು ಜನ ಸಿಗುತ್ತಾರೆ. ಒಮ್ಮೊಮ್ಮೆ ಕೊಟ್ಟವರಿಗೇ ವಾಪಸು ಹೋಗುತ್ತದೆ, ಎಲ್ಲರೂ ನಕ್ಕು ಸುಮ್ಮನಾಗುತ್ತಾರೆ. ನನ್ನ ವಿಷಯ ನಕ್ಕು ಸುಮ್ಮನಾಗುವಂಥದ್ದಲ್ಲ. ಅಮ್ಮ ಏಳು ವರ್ಷದಿಂದ ತಂಗಿಯ ಮನೆಗೆ ಎಳ್ಳು ಕಳಿಸಿಯೇ ಇರಲಿಲ್ಲ. ಪ್ರತಿ ಸಂಕ್ರಾಂತಿಗೂ ಅವಳ ಡಬ್ಬಿಯಿಂದ ಎರಡು ಹಿಡಿ ಕದ್ದು, ಕವರಿಗೆ ತುಂಬಿ, ಅಕ್ಕ ಕಳಿಸಿದಾರೆ ಎಂದು ಚಿಕ್ಕಮ್ಮನಿಗೆ ಕೊಟ್ಟು ಬರುತ್ತಿದ್ದವಳು ನಾನು.

ಅವರಿಬ್ಬರ ಮಾತು ನಿಂತದ್ದೂ ನನ್ನಿಂದಲೇ. ಅಜ್ಜಿ, ಅಂದರೆ ಇವರಿಬ್ಬರ ತಾಯಿ, ಕೊನೆಯ ಮೂರು ವರ್ಷ ನಮ್ಮ ಮನೆಯಲ್ಲಿ ಹಾಸಿಗೆ ಹಿಡಿದಿದ್ದರು. ನೋಡಿಕೊಂಡವಳು ಅಮ್ಮ. ಅಜ್ಜಿಯ ವೈಕುಂಠ ಸಮಾರಾಧನೆಯ ದಿನ ನೆಂಟರೆಲ್ಲ ಊಟ ಮಾಡಿ ಹೊರಟ ಮೇಲೆ ಚಿಕ್ಕಮ್ಮ ಮುಂದಿನ ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದರು. ಪಕ್ಕದಲ್ಲಿ ನಾನಿದ್ದೆ. ಆಗ ಅಂದರು: “ತಣ್ಣಗಿರೋ ಹಾಲು ಕೊಡ್ತಿದ್ಲು ಕಣೇ ಅಮ್ಮಂಗೆ. ಬಂದಾಗೆಲ್ಲ ಮುಟ್ಟಿ ನೋಡಿದೀನಿ ಲೋಟನ. ಬಿಸಿ ಮಾಡೋಕೂ ಪುರುಸೊತ್ತಿರ್ಲಿಲ್ಲ ನಿಮ್ಮಮ್ಮಂಗೆ.”

ದುಃಖದಲ್ಲಿ ಬಂದ ಮಾತು, ಅಲ್ಲೇ ಬಿಟ್ಟಿದ್ದರೆ ಅಲ್ಲೇ ಒಣಗುತ್ತಿತ್ತು. ನಾನು ಬಿಡಲಿಲ್ಲ. ಅಂದು ಸಂಜೆ ಪಾತ್ರೆ ಒರೆಸುತ್ತಾ ಅಮ್ಮನಿಗೆ ಅದನ್ನು ಚಿಕ್ಕಮ್ಮನ ಧ್ವನಿಯಲ್ಲೇ, ಮೂಗೆಳೆಯುವುದನ್ನೂ ಬಿಡದೆ, ಆಡಿ ತೋರಿಸಿದೆ. ಯಾಕೆ ಹಾಗೆ ಮಾಡಿದೆ ಎಂದು ಕೇಳಿದರೆ ಇವತ್ತಿಗೂ ನೆಟ್ಟಗೆ ಉತ್ತರ ಬರುವುದಿಲ್ಲ. ಸುಸ್ತಾಗಿತ್ತು, ಅಜ್ಜಿಯನ್ನು ಎತ್ತಿ ಕೂರಿಸಿದ ಸೊಂಟ ನನ್ನದೂ ಹೌದು, ನನಗೂ ಸಿಟ್ಟು ಬಂದಿತ್ತು. ಅದಕ್ಕಿಂತ ಹೆಚ್ಚಾಗಿ, ಇನ್ನೊಬ್ಬರ ಧ್ವನಿ ತೆಗೆಯುವುದರಲ್ಲಿ ನನಗೊಂದು ಜಂಬ. ಆ ವಿದ್ಯೆ ಚಿಕ್ಕಮ್ಮನಿಂದಲೇ ಬಂದದ್ದು. ಅವರು ಸೊಪ್ಪಿನವಳ ಜಗಳ ಹೇಳಿದರೆ ಸೊಪ್ಪಿನವಳೇ ಬಂದು ನಮ್ಮ ನಡುಮನೆಯಲ್ಲಿ ಕೂಗಿ ಹೋಗುತ್ತಿದ್ದಳು. ಅಮ್ಮ ನಾನು ಹೇಳಿದ್ದನ್ನು ಪೂರ್ತಿ ಕೇಳಿ ಹೌದಾ ಎಂದಳು, ಉಳಿದ ಪಾತ್ರೆ ತೊಳೆದಳು. ಆಮೇಲೆ ಅವಳು ವೈಯಾಲಿಕಾವಲ್‌ಗೆ ಹೋಗಲಿಲ್ಲ, ಫೋನೂ ಮಾಡಲಿಲ್ಲ. ಯಾಕೆ ಎಂದು ನನ್ನಿಂದ ತಿಳಿದುಕೊಂಡ ಚಿಕ್ಕಮ್ಮ ಕೂಡ ಬರುವುದನ್ನು ಬಿಟ್ಟರು.

ಆಗಲೇ ಶಪಥ ಮಾಡಿದೆ, ಇನ್ನು ಯಾರ ಮಾತನ್ನೂ ಅವರ ಬಾಯಿಂದ ಬಂದ ಹಾಗೆ ಒಯ್ಯುವುದಿಲ್ಲ ಎಂದು. ಅದಕ್ಕೆ ಬೇಕಾದ ತರಬೇತಿ ನನ್ನ ಹೊಟ್ಟೆಪಾಡಿನಲ್ಲೇ ಇತ್ತು. ಶಾಲೆಯಲ್ಲಿ ಇಪ್ಪತ್ತೆರಡು ವರ್ಷ, ಈಗ ಮನೆಯಲ್ಲಿ, ನಾನು ಫ್ರೆಂಚ್ ಕಲಿಸುತ್ತೇನೆ. ಬಸವನಗುಡಿ, ಚಾಮರಾಜಪೇಟೆಯ ಮಕ್ಕಳು ಕನ್ನಡ ಕಷ್ಟ, ಫ್ರೆಂಚ್‌ನಲ್ಲಿ ಮಾರ್ಕ್ಸ್ ಬರುತ್ತದೆ ಎಂದು ಬರುತ್ತಾರೆ. ಅದನ್ನು ಕೇಳಿ ಉರಿದುಕೊಂಡೇ ನಾನು ಕಲಿಸುತ್ತೇನೆ. ಅದರಲ್ಲೊಂದು ಪಾಠ ಒಬ್ಬರ ಮಾತನ್ನು ಇನ್ನೊಬ್ಬರು ತಿರುಗಿ ಹೇಳುವುದು ಹೇಗೆ ಅನ್ನುವುದು. ನಾಳೆ ಇಲ್ಲಿಗೆ ಬರುತ್ತೇನೆ ಎಂದು ಒಬ್ಬಳು ಅಂದಿದ್ದರೆ, ಅದನ್ನು ಆಮೇಲೆ ತಿರುಗಿ ಹೇಳುವಾಗ ನಾಳೆ ಹೋಗಿ ಮರುದಿನವಾಗುತ್ತದೆ, ಇಲ್ಲಿ ಹೋಗಿ ಅಲ್ಲಿಯಾಗುತ್ತದೆ, ನಾನು ಹೋಗಿ ಅವಳಾಗುತ್ತದೆ, ಕ್ರಿಯಾಪದ ಒಂದು ಹೆಜ್ಜೆ ಹಿಂದಕ್ಕೆ ಸರಿದು ನಿಲ್ಲುತ್ತದೆ. ನಿಟ್ಟುಸಿರಿಗೆ, ‘ಅಯ್ಯೋ’ಗೆ, ‘ಏನೇ’ಗೆ ಒಳಗೆ ಪ್ರವೇಶವಿಲ್ಲ. ಕನ್ನಡದಲ್ಲಿ ಈ ಕಾಟವಿಲ್ಲ. ಕೊನೆಗೊಂದು ‘ಅಂತ’ ಸಿಕ್ಕಿಸಿದರೆ ಬೈಗುಳ ಬೈಗುಳವಾಗಿಯೇ ಮನೆ ಸೇರುತ್ತದೆ. ನಮ್ಮ ಮನೆಯಲ್ಲಿ ಸೇರಿತ್ತಲ್ಲ.

ಎಳ್ಳು ಕೊಡುವಾಗ ಒಳ್ಳೆಯ ಮಾತನ್ನೇ ಆಡಬೇಕು ಅನ್ನುವುದು ಎಲ್ಲರಿಗೂ ಗೊತ್ತಿರುವ ರೂಢಿ. ಅದನ್ನೇ ನೆಪ ಮಾಡಿಕೊಂಡು, ಮೊದಲ ವರ್ಷ ಕದ್ದ ಎಳ್ಳಿನ ಜೊತೆ ಚಿಕ್ಕಮ್ಮನಿಗೆ ಒಂದು ವಾಕ್ಯವನ್ನೂ ಹುಟ್ಟಿಸಿಕೊಂಡು ಹೋದೆ. ಅಮ್ಮ ಕೇಳಿದೆ ಅಂತ ಹೇಳಿದಾಳೆ, ಚೆನ್ನಾಗಿರಬೇಕಂತೆ. ಚಿಕ್ಕಮ್ಮ ಕವರನ್ನು ಮೂಸಿ ನೋಡಿ, ತಾವು ಮಾಡಿದ ಎಳ್ಳನ್ನು ನನ್ನ ಕೈಗಿಟ್ಟು ಒಂದು ಮಾತು ಹೇಳಿದರು. ಮುಂದಿನ ಎಲ್ಲ ವರ್ಷವೂ ಅವರು ಅದೇ ಮಾತನ್ನು, ಅಕ್ಷರ ಬದಲಿಸದೆ, ಹೇಳುತ್ತ ಬಂದರು. ಬಹಳ ಕಟುವಾದ ಮಾತು. ಅದನ್ನು ನಾನು ಮೆಟ್ಟಿಲಿಳಿಯುವಾಗಲೇ ನುಂಗಿಬಿಡುತ್ತಿದ್ದೆ. ಮನೆಗೆ ಬಂದು ಅಮ್ಮನಿಗೆ ಕವರು ಕೊಟ್ಟು, ಚಿಕ್ಕಮ್ಮ ನಿನ್ನ ಆರೋಗ್ಯ ವಿಚಾರಿಸಿದರು, ಹುಷಾರಾಗಿರಬೇಕಂತೆ ಎಂದು ಹೇಳುತ್ತಿದ್ದೆ. ಕೇಳಲು ಎಷ್ಟು ಚೆಂದ, ಯಾರಿಗೂ ನೋವಿಲ್ಲ.

ಅಮ್ಮ ಆ ಕವರನ್ನು ಬೇರೆ ಮನೆಯವುಗಳ ಜೊತೆ ಡಬ್ಬಿಗೆ ಸುರಿಯುತ್ತಿರಲಿಲ್ಲ. ಮರುದಿನ ಎರಡನೇ ಕಾಫಿಯ ಹೊತ್ತಿಗೆ ಒಬ್ಬಳೇ ಕೂತು ಬಿಚ್ಚುತ್ತಿದ್ದಳು. ದಿನಕ್ಕೊಂದು ಚಮಚ. ಬಣ್ಣದ ಜೀರಿಗೆಯನ್ನು ಹೆಕ್ಕಿ ಪಕ್ಕಕ್ಕಿಟ್ಟು ಉಳಿದದ್ದನ್ನು ತಿನ್ನುವುದು, ಕೊನೆಯಲ್ಲಿ ಆ ಜೀರಿಗೆಯನ್ನೂ ಬಾಯಿಗೆ ಹಾಕಿಕೊಳ್ಳುವುದು. ಅದನ್ನು ನೋಡಿ, ನನ್ನ ಕೆಲಸ ಫಲ ಕೊಡುತ್ತಿದೆ ಎಂದು ಒಳಗೊಳಗೇ ಬೀಗಿದ್ದೇನೆ.

ಈ ವರ್ಷ ಆದದ್ದು ಇಷ್ಟೇ. ಗಾಂಧಿ ಬಜಾರಿನಲ್ಲಿ ಮಾರುವ, ಕಬ್ಬು ಮತ್ತು ಮಡಕೆಯ ಚಿತ್ರವಿರುವ ಕಾಗದದ ಕವರನ್ನೇ ನಾನೂ ತಂದಿದ್ದೆ, ಚಿಕ್ಕಮ್ಮನ ಸೊಸೆಯೂ ತಂದಿದ್ದಳು. ಒಳಗಿರುವುದು ಕಾಣುವುದಿಲ್ಲ. ಎರಡೂ ಟೀಪಾಯಿಯ ಮೇಲೆ ಅಕ್ಕಪಕ್ಕ ಇದ್ದವು. ಚಿಕ್ಕಮ್ಮ ಆ ಕಟುವಾದ ಮಾತು ಶುರು ಮಾಡಿದ ಕೂಡಲೇ ಪ್ರತಿವರ್ಷದಂತೆ ನನಗೆ ಓಡಿಹೋಗುವ ಆತುರ ಹುಟ್ಟಿತು. ಬಾಳೆಹಣ್ಣು, ಸಕ್ಕರೆ ಅಚ್ಚು, ಕಬ್ಬಿನ ತುಂಡು ಚೀಲಕ್ಕೆ ಹಾಕಿ, ಕೈಗೆ ಸಿಕ್ಕ ಕವರು ತೆಗೆದುಕೊಂಡು ಮೆಟ್ರೊ ಹತ್ತಿದೆ.

ಅಂದರೆ ವೈಯಾಲಿಕಾವಲ್‌ನಲ್ಲೂ ಅವರ ಎಳ್ಳು ಅವರ ಬಳಿಯೇ ಉಳಿದಿತ್ತು. ಈ ಎರಡನೇ ಭಯ ನನ್ನ ತಲೆಗೆ ಬಂದಾಗ ಮಕ್ಕಳ ಮುಂದೆ ಚಾಕ್ ಹಿಡಿದು ನಿಂತಿದ್ದೆ. ಅಮ್ಮ ಅಂಗೈಯನ್ನು ಕಿಟಕಿಯ ಬೆಳಕಿಗೆ ಹಿಡಿದಿದ್ದಳು. ಕೊಬ್ಬರಿಯ ಒಂದು ಚೂರನ್ನು ಎರಡು ಬೆರಳಲ್ಲಿ ಎತ್ತಿ ತಿರುಗಿಸಿ ನೋಡಿದಳು. ತಿನ್ನಲಿಲ್ಲ. ಎಲ್ಲವನ್ನೂ ವಾಪಸು ಕವರಿಗೆ ಸುರಿದು, ಬಾಯಿ ಮಡಚಿ, ತೊಡೆಯ ಮೇಲಿಟ್ಟುಕೊಂಡು ಕೂತಳು. ಕಾಫಿಯ ಲೋಟ ಹಾಗೇ ಇತ್ತು. ಅಮ್ಮ ಕಾಫಿ ಆರಲು ಬಿಟ್ಟದ್ದನ್ನು ನಾನು ನೋಡಿದ್ದೇ ಕಡಿಮೆ.

ಬೋರ್ಡಿನ ಮೇಲೆ ಬರೆದ ವಾಕ್ಯವನ್ನು ಮಕ್ಕಳು ಬದಲಿಸುತ್ತಿದ್ದರು. ತಾಯಿ ಮಗಳಿಗೆ ಹೇಳುತ್ತಾಳೆ: ಬೇಗ ಬಾ, ನಿನಗಾಗಿ ಕಾಯುತ್ತಿದ್ದೇನೆ. ಮೂಲೆಯಲ್ಲಿ ಕೂರುವ ಹುಡುಗಿ ಸರಿಯಾಗಿಯೇ ಬರೆದಿದ್ದಳು, ತಾಯಿ ಮಗಳಿಗೆ ಬೇಗ ಬರುವಂತೆ ಹೇಳಿದಳು ಮತ್ತು ತಾನು ಅವಳಿಗಾಗಿ ಕಾಯುತ್ತಿರುವುದಾಗಿ ತಿಳಿಸಿದಳು ಎಂದು. ಬರೆದು ಮುಗಿಸಿ ಅವಳು ಕೇಳಿದಳು: “ಮಿಸ್, ಹೀಗೆ ಬರೆದ್ರೆ ಅವ್ರಮ್ಮ ಯಾಕೋ ಪ್ರಿನ್ಸಿಪಾಲ್ ಥರ ಕಾಣ್ತಾರೆ ಅಲ್ವಾ?” ಉಳಿದವರು ನಕ್ಕರು. ಬೇರೆ ದಿನವಾಗಿದ್ದರೆ ನಾನೂ ನಗುತ್ತಿದ್ದೆ. ಅಂದು ಮಾತ್ರ ಹದಿನೈದು ನಿಮಿಷ ಮೊದಲೇ ಪಾಠ ನಿಲ್ಲಿಸಿ, ಮುಂದಿನ ವಾರ ನೋಡೋಣ ಎಂದು ಅವರನ್ನು ಕಳಿಸಿಬಿಟ್ಟೆ. ಆಮೇಲೆ ಸುಮ್ಮನೆ ಬೋರ್ಡ್ ಒರೆಸುತ್ತಾ ನಿಂತೆ. ಒರೆಸಿದ್ದನ್ನೇ ಒರೆಸಿದೆ. ಏನು ಸುಳ್ಳು ಹೇಳಲಿ ಎಂದು ಯೋಚಿಸುತ್ತಿದ್ದೆ. ಬ್ಯಾಗಿನಲ್ಲಿ ಅದಲುಬದಲಾಯಿತು, ಅದು ಬೇರೆ ಮನೆಗೆ ಕೊಡಬೇಕಾಗಿದ್ದ ಕವರು ಎಂದರೆ ಸಾಕಿತ್ತು, ನಂಬುವಂಥ ಸುಳ್ಳು. ಆದರೆ ಚಿಕ್ಕಮ್ಮನ ಕವರು ಎಲ್ಲಿ ಎಂದು ಕೇಳಿದರೆ?

ಅಮ್ಮ ಕರೆಯಲಿಲ್ಲ. ನಾನೇ ಒಳಗೆ ಹೋದೆ.

“ಇದು ನನ್ನ ಎಳ್ಳು,” ಅಂದಳು ಅಮ್ಮ.

ಸುಳ್ಳು ಬಾಯಿಗೆ ಬರಲಿಲ್ಲ. ಐವತ್ತನಾಲ್ಕು ವರ್ಷದವಳು, ಅಡುಗೆಮನೆಯ ನೆಲದ ಮೇಲೆ ಕೂತು, ಎಲ್ಲವನ್ನೂ ಒಪ್ಪಿಕೊಂಡೆ. ಡಬ್ಬಿಯಿಂದ ಕದ್ದದ್ದು, ಅವಳ ಹೆಸರಲ್ಲಿ ಏಳು ವರ್ಷ ಎಳ್ಳು ಕೊಟ್ಟದ್ದು, ಅವಳು ಆಡದ ಮಾತನ್ನು ಆಡಿದ್ದಾಳೆ ಎಂದು ಹೇಳಿದ್ದು, ಟೀಪಾಯಿಯ ಮೇಲೆ ಕವರು ಬದಲಾದದ್ದು. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ಹಗುರಾಗುತ್ತಿದ್ದೆ. ಅವಳು ಕದ್ದದ್ದರ ಸುದ್ದಿಯನ್ನೇ ಎತ್ತಲಿಲ್ಲ.

“ಅವಳು ಏನಂತಿದ್ಲು?” ಎಂದು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಕೈ ಎತ್ತಿ ತಡೆದಳು. “ನೀನು ಅಂದಿದ್ದಲ್ಲ. ಅವಳು ಅಂದಿದ್ದು.”

ಅಮ್ಮನಿಗೆ ರಕ್ತದೊತ್ತಡವಿದೆ. ಹಿಂದೊಮ್ಮೆ ಹೀಗೆಯೇ ಒಂದು ಮಾತನ್ನು ಇದ್ದ ಹಾಗೆ ಒಪ್ಪಿಸಿ ಏನಾಯಿತು ಎಂದು ನನಗೆ ಗೊತ್ತು. ಇದು ಅದಕ್ಕಿಂತ ಕಟುವಾದದ್ದು, ಹೇಳಿದರೆ ಉಳಿದ ಒಂದು ಎಳೆಯೂ ಹರಿದುಹೋಗುತ್ತದೆ ಎಂದು ಹೆದರಿದೆ. ಬೇಡ ಅಮ್ಮ ಎಂದೆ. ಅವಳು ಹೇಳು ಎಂದು ಪಟ್ಟು ಹಿಡಿದಳು. ಕೊನೆಗೆ ಕಣ್ಣು ಮುಚ್ಚಿಕೊಂಡು ಹೇಳಿದೆ. ನನಗೆ ಗೊತ್ತಾಗದ ಹಾಗೆ ಆ ಹಳೆಯ ಚಾಳಿ ಎದ್ದು ಬಂತು, ಧ್ವನಿ ಚಿಕ್ಕಮ್ಮನದೇ ಆಯಿತು.

“ಎಳ್ಳು ಕಳಿಸೋಕೆ ನಾನೇನು ಬೀದಿ ಕೊನೆ ಮನೆಯವಳಾ? ಬೈಯೋದಿದ್ರೆ ಬಂದು ಎದುರಿಗೆ ಕೂತ್ಕೊಂಡು ಬೈಲಿ ಅವಳು. ಅವಳಿಗೆ ಹೇಳು, ನಾನಂತೂ ಆ ಮೆಟ್ಲು ಹತ್ತಲ್ಲ.”

ಕಣ್ಣು ತೆರೆದಾಗ ಅಮ್ಮ ಅಳುತ್ತಿರಲಿಲ್ಲ, ಸಿಟ್ಟಿನಲ್ಲೂ ಇರಲಿಲ್ಲ. ದೂರದಿಂದ ಯಾರೋ ಗುರುತಿನವರು ಬರುತ್ತಿದ್ದಾರೆ ಅನ್ನುವಂತೆ ಬಾಗಿಲ ಕಡೆ ನೋಡುತ್ತಿದ್ದಳು. ಎಷ್ಟು ವರ್ಷದಿಂದ ಹೀಗನ್ನುತ್ತಿದ್ದಾಳೆ ಎಂದು ಕೇಳಿದಳು. ಏಳು ವರ್ಷವೂ ಎಂದೆ.

“ಅವಳು ಕರೀತಿದಾಳೆ ಕಣೇ,” ಅಂದಳು ಅಮ್ಮ. “ನಿಂಗೆ ಅಷ್ಟೂ ಗೊತ್ತಾಗ್ಲಿಲ್ವಾ? ಆರೋಗ್ಯ ವಿಚಾರಿಸಿದ್ಲು, ಆರೋಗ್ಯ ವಿಚಾರಿಸಿದ್ಲು ಅಂತ ನೀನು ಹೇಳ್ತಿದ್ದೆ. ನನ್ನ ತಂಗಿ ನನ್ನ ಆರೋಗ್ಯ ವಿಚಾರಿಸೋಳಲ್ಲ. ಅದು ಪರಕೀಯರ ಮಾತು. ಅವಳಿಗೆ ನಾನು ಪರಕೀಯಳಾಗಿಹೋದೆ ಅಂದ್ಕೊಂಡು ಸುಮ್ನಿದ್ದೆ.”

ಯಾರಿಗೂ ನೋವಾಗದಂತೆ ಒರೆಸಿ ಒರೆಸಿ ಒಪ್ಪಿಸಿದ ಮಾತಿನಲ್ಲಿ ಅವಳನ್ನು ಕರೆಯುತ್ತಿದ್ದ ಒಂದೇ ಒಂದು ತುಂಡು ಅಳಿಸಿಹೋಗಿತ್ತು. ಭಾಷೆ ಕಲಿಸಿ ಅನ್ನ ತಿನ್ನುವವಳು ನಾನು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಅಮ್ಮ ಅಷ್ಟರಲ್ಲಿ ಸ್ಟೂಲಿನಿಂದ ಎದ್ದು ಆಟೋ ಕರೆಸು ಎಂದಳು. ಸೀರೆ ಬದಲಿಸಲಿಲ್ಲ. ಎಳ್ಳಿನ ಡಬ್ಬಿಯನ್ನೇ ಎತ್ತಿ ಸೆರಗಿನಡಿ ಇಟ್ಟುಕೊಂಡಳು.

ಆಟೋದಲ್ಲಿ ಕೂತ ಮೇಲೆ ಮೂರನೇ ಭಯ ಕಾಡತೊಡಗಿತು. ಇನ್ನೂ ಒಂದು ಸಂಗತಿಯನ್ನು ನಾನು ಅಮ್ಮನಿಗೆ ಹೇಳಿರಲಿಲ್ಲ. ಅದು ಒಳ್ಳೆಯ ಮಾತಿನ ಪಟ್ಟಿಗೆ ಸೇರುವಂಥದ್ದಾಗಿರಲಿಲ್ಲ, ಅದಕ್ಕೇ ಬಿಟ್ಟಿದ್ದೆ. ಮಾರ್ಕೆಟ್ ದಾಟಿ ಮೆಜೆಸ್ಟಿಕ್ ಕಡೆಗೆ ಹೊರಳಿದೆವು. ಗಾಂಧಿನಗರದ ಸಿಗ್ನಲ್ಲಿನಲ್ಲಿ ಗಾಡಿ ನಿಂತಾಗ, ಅಮ್ಮ ಮಂಡಿ ಒತ್ತಿಕೊಳ್ಳುತ್ತಾ ಅಲ್ಲಿಗೆ ಹೋದ ಕೂಡಲೇ ಮೊದಲು ಏನು ಬೈಯುತ್ತೇನೆ, ಆಮೇಲೆ ಏನು ಬೈಯುತ್ತೇನೆ ಎಂದು ಹೇಳುತ್ತಿದ್ದಳು. ಅವಳನ್ನು ಅಷ್ಟು ಹುರುಪಿನಲ್ಲಿ ನೋಡಿ ವರ್ಷಗಳೇ ಆಗಿದ್ದವು. ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ.

“ಅಮ್ಮ, ಚಿಕ್ಕಮ್ಮಂಗೆ ಕಿವಿ ಸರಿಯಾಗಿ ಕೇಳ್ಸಲ್ಲ ಈಗ.”

ಯಾವಾಗಿನಿಂದ ಎಂದು ಕೇಳಿದಳು. ಮೂರು ವರ್ಷವಾಯಿತು ಎಂದೆ. ಮೊದಲು ಒಂದು ಕಿವಿ, ಆಮೇಲೆ ಇನ್ನೊಂದು. ಮಷೀನು ಕೊಡಿಸಿದ್ದಾರೆ, ಗುಂಯ್ ಅನ್ನುತ್ತದೆ ಎಂದು ಅವರು ಹಾಕಿಕೊಳ್ಳುವುದಿಲ್ಲ. ಹತ್ತಿರ ಕೂತು ಜೋರಾಗಿ ಕೂಗಿದರೆ ಕೇಳಿಸುತ್ತದೆ. ಅಮ್ಮ ಆಟೋದ ಕಂಬಿ ಹಿಡಿದುಕೊಂಡು ಹೊರಗೆ ನೋಡಿದಳು. ಅಮ್ಮನ ಧ್ವನಿ ಮೊದಲೇ ಸಣ್ಣದು. ಪಕ್ಕದ ಕೋಣೆಯಿಂದ ಕರೆದರೆ ನನಗೇ ಕೇಳಿಸುವುದಿಲ್ಲ, ಸ್ಟೀಲ್ ಲೋಟವನ್ನು ಗೋಡೆಗೆ ತಟ್ಟಿ ಕರೆಯುತ್ತಾಳೆ.

ನಾವು ಹೋದಾಗ ಚಿಕ್ಕಮ್ಮನ ಮಗ ಸೊಸೆ ಕೆಲಸಕ್ಕೆ ಹೋಗಿದ್ದರು. ಬೆಲ್ಲು ಕೇಳಿಸದಿದ್ದರೆ ಕಾಣಲಿ ಎಂದು ಅವರ ಮನೆಯಲ್ಲಿ ದೀಪ ಹತ್ತುವ ಬೆಲ್ಲು ಹಾಕಿಸಿದ್ದಾರೆ, ಅದನ್ನು ಒತ್ತಿದೆ. ಚಿಕ್ಕಮ್ಮ ಬಾಗಿಲು ತೆಗೆದು ಮೊದಲು ನನ್ನನ್ನು ನೋಡಿದರು. “ನನ್ನ ಎಳ್ಳು ನನಗೇ ಬಿಟ್ಟು ಹೋಗಿದೀಯಲ್ಲೇ,” ಎಂದು ಶುರು ಮಾಡಿದವರು ನನ್ನ ಹಿಂದೆ ಕಂಬಿ ಹಿಡಿದು ಮೂರನೇ ಮೆಟ್ಟಿಲಲ್ಲಿ ನಿಂತಿದ್ದ ಅಮ್ಮನನ್ನು ಕಂಡು ಅಲ್ಲಿಗೇ ನಿಲ್ಲಿಸಿದರು. ಅಮ್ಮ ಒಂದೊಂದೇ ಮೆಟ್ಟಿಲು ಹತ್ತಿದಳು. ಚಿಕ್ಕಮ್ಮ ಕೈ ಕೊಡಲಿಲ್ಲ, ಆದರೆ ಬಾಗಿಲಿನಿಂದ ಸರಿಯಲೂ ಇಲ್ಲ. ಕೊನೆಯ ಮೆಟ್ಟಿಲಲ್ಲಿ ಅಮ್ಮ ಅವರ ಭುಜವನ್ನೇ ಹಿಡಿದು ಮೇಲೆ ಬಂದಳು.

ಟೀಪಾಯಿಯ ಮೇಲೆ ಬಣ್ಣದ ಜೀರಿಗೆಯ ಎಳ್ಳು ತಟ್ಟೆಗೆ ಸುರಿದದ್ದು ಹಾಗೇ ಇತ್ತು. ಅಮ್ಮ ತನ್ನ ಡಬ್ಬಿಯನ್ನು ಅದರ ಪಕ್ಕದಲ್ಲಿಟ್ಟು ಸೋಫಾದಲ್ಲಿ ಕೂತಳು. ಚಿಕ್ಕಮ್ಮ ಎದುರಿನ ಕುರ್ಚಿಯಲ್ಲಿ ಕೂತರು. ಆಟೋದಲ್ಲಿ ಜೋಡಿಸಿಕೊಂಡಿದ್ದ ಬೈಗುಳವೆಲ್ಲ ಎಲ್ಲಿಗೆ ಹೋಯಿತೋ, ಅಮ್ಮ ತನ್ನ ಸಣ್ಣ ಧ್ವನಿಯಲ್ಲಿ ಹಾಲಿನ ವಿಷಯ ಶುರು ಮಾಡಿದಳು. ಚಿಕ್ಕಮ್ಮ ಕತ್ತು ಮುಂದೆ ಚಾಚಿ, ಅವಳ ತುಟಿಯನ್ನೇ ನೋಡಿ, ಸೋತು ನನ್ನ ಕಡೆ ತಿರುಗಿದರು. ಏನಂತೆ ಎಂದು ಕೇಳಿದರು.

ನಾನು ಇಬ್ಬರ ನಡುವೆ ಬೆತ್ತದ ಮೋಡಾ ಎಳೆದುಕೊಂಡು ಕೂತೆ. ಅಮ್ಮನಿಗೆ ಆ ಮಾತಿನಿಂದ ಬೇಜಾರಾಗಿತ್ತಂತೆ ಎಂದು ಹೇಳಲು ಬಾಯಿ ತೆರೆದೆ, ಅಭ್ಯಾಸ ಬಲ. ಅಮ್ಮ ನನ್ನ ಮೊಣಕೈ ಹಿಡಿದಳು. “ನಾನು ಹೇಳಿದ ಹಾಗೇ ಹೇಳು,” ಅಂದಳು. “ಒಂದಕ್ಷರ ಬಿಡ್ಬೇಡ.”

ಆಮೇಲೆ ಅಮ್ಮ ಹೇಳಿದಂತೆಯೇ ನಾನು ಕೂಗಿದ್ದು ಬೀದಿಗೆಲ್ಲ ಕೇಳಿಸಿರಬೇಕು. “ಹಾಲು ಕಾಯಿಸ್ತಿದ್ದೆ ಕಣೇ! ಕಾಯಿಸಿ, ಎರಡು ಲೋಟದಲ್ಲಿ ಬಗ್ಗಿಸಿ ಬಗ್ಗಿಸಿ ಆರಿಸ್ತಿದ್ದೆ. ಬಿಸಿ ತಾಗಿದ್ರೆ ಅಮ್ಮಂಗೆ ನಾಲಿಗೆ ಸುಟ್ಟೋಗ್ತಿತ್ತು, ಹೇಳೋಕೂ ಆಗ್ತಿರ್ಲಿಲ್ಲ. ನೀನು ವಾರಕ್ಕೊಂದ್ಸಲ ಬಂದು ಲೋಟ ಮುಟ್ಟಿ ನೋಡಿದ್ಯಲ್ಲ, ಒಂದು ಮಾತು ನನ್ನ ಕೇಳೋಕಾಗ್ಲಿಲ್ವಾ ನಿಂಗೆ?” ಹುಟ್ಟಿದಂದಿನಿಂದ ನೀವು ಎಂದು ಕರೆದ ಚಿಕ್ಕಮ್ಮನ ಕಿವಿಗೆ ಬಾಯಿ ಹಚ್ಚಿ ‘ಕಣೇ’, ‘ನೀನು’ ಎಂದು ಕೂಗುವಾಗ ಮೈ ಜುಮ್ಮೆಂದಿತು. ಆದರೂ ಬಿಡಲಿಲ್ಲ.

ಚಿಕ್ಕಮ್ಮ ತಟ್ಟೆಯಲ್ಲಿದ್ದ ಎಳ್ಳನ್ನು ಬೆರಳಿನಿಂದ ಸರಿಸಿದರು. ನನಗೆ ಗೊತ್ತಿರಲಿಲ್ಲ ಅಕ್ಕ ಎಂದರು. ಆ ದಿನ ಅಳು ಬಂದಿತ್ತು, ಯಾರ ಮೇಲಾದರೂ ಹಾಕಬೇಕಿತ್ತು, ನಿನ್ನ ಮೇಲೆ ಹಾಕಿದೆ ಎಂದರು. ಅವರಿಗೆ ತಮ್ಮ ಧ್ವನಿಯೂ ಕೇಳಿಸುವುದಿಲ್ಲವಾದ್ದರಿಂದ ಕ್ಷಮೆಯನ್ನೂ ಜಗಳದಂತೆ ಕೂಗಿ ಹೇಳಿದರು. ಅದನ್ನು ಅಮ್ಮನಿಗೆ ಯಾರೂ ದಾಟಿಸಬೇಕಾಗಿರಲಿಲ್ಲ. ಆಮೇಲೆ ಅವರು ಕುರ್ಚಿಯನ್ನು ಎಳೆದು ಅಮ್ಮನ ಮೊಣಕಾಲಿಗೆ ತಾಗಿಸಿಕೊಂಡು, ನೀನೇ ಹೇಳು ಅಕ್ಕ, ಇವಳ ಗಂಟಲು ಬೇಡ, ನಿನ್ನದು ಕೇಳಬೇಕು ಎಂದು ಕಿವಿಯನ್ನು ಅವಳ ಬಾಯಿಗೆ ಕೊಟ್ಟರು. ಅಮ್ಮ ಕೈಯಡ್ಡ ಮಾಡಿ ತನ್ನಿಂದಾದಷ್ಟು ಜೋರಾಗಿ ಏನೋ ಹೇಳಿದಳು. ಚಿಕ್ಕಮ್ಮ ಕಣ್ಣು ಮುಚ್ಚಿ ಕಾದರು. ಆಮೇಲೆ ತಲೆಯಾಡಿಸಿದರು. ಅಮ್ಮ ಇನ್ನೊಮ್ಮೆ ಹೇಳಿದಳು. ಉಸಿರು ತಾಗುತ್ತಿದೆ, ಮಾತು ಬರುತ್ತಿಲ್ಲ ಎಂದರು ಚಿಕ್ಕಮ್ಮ.

ನಾಲ್ಕು ವರ್ಷದ ಹಿಂದೆ ಇವರಿಗೆ ಎಲ್ಲವೂ ಕೇಳಿಸುತ್ತಿತ್ತು. ಬೀದಿಯಲ್ಲಿ ಹೂವಿನವಳು ಯಾರ ಜೊತೆ ಏನು ಮಾತಾಡಿದಳು ಅನ್ನುವುದೂ ಕೇಳಿಸುತ್ತಿತ್ತು, ಸಂಜೆಗೆ ಅದು ಕತೆಯಾಗುತ್ತಿತ್ತು.

ಅಮ್ಮ ಬೆನ್ನು ಹಿಂದಕ್ಕಿಟ್ಟು ಕೂತಳು. ಹೇಳು ಅನ್ನುವಂತೆ ನನ್ನ ಕಡೆ ನೋಡಿದಳು. ಅವಳು ಎರಡು ಸಲ ಆ ಕಿವಿಯಲ್ಲಿ ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತ್ತು. ನಾನು ಮೋಡಾ ಹತ್ತಿರ ಸರಿಸಿ, ಚಿಕ್ಕಮ್ಮನ ಭುಜ ಹಿಡಿದು, ಹಾಗೇ ಕೂಗಿದೆ: “ನನ್ನ ಮಾತು ನಿಂಗೆ ಕೇಳ್ಸೋ ಕಾಲಕ್ಕೆ ನಾನು ಬರ್ಲಿಲ್ಲ ಕಣೇ. ತಪ್ಪಾಯ್ತು.”

ಆ ವಾಕ್ಯವನ್ನು ಒಂದಕ್ಷರ ತಿದ್ದದೆ ಒಪ್ಪಿಸಿದೆ. ಆದರೆ ಆ ತಪ್ಪು ಅಮ್ಮನದಾಗಿರಲಿಲ್ಲ. ಅಲ್ಲಿಗೇ ನಿಲ್ಲಿಸಲಾಗಲಿಲ್ಲ. ಅದೇ ಕಿವಿಗೆ ಇನ್ನೊಂದು ಮಾತು ಕೂಗಿದೆ: “ಬರೋ ಹಾಗೆ ಹೇಳಿದ್ರೆ ತಾನೇ ಬರೋದು? ನೀವು ಕರೆದಿದ್ದನ್ನ ಹೇಳ್ಲೇ ಇಲ್ಲ. ತಪ್ಪು ನಂದು.”

ಚಿಕ್ಕಮ್ಮ ಅಮ್ಮನ ಬಾಯಿಯನ್ನು ನೋಡಿದರು. ಅದು ಮುಚ್ಚಿತ್ತು. ಗೊಂದಲದಿಂದ ನನ್ನ ಕಡೆ ತಿರುಗಿದರು.

“ಇದು ಯಾರಂದಿದ್ದು?” ಎಂದು ಕೇಳಿದರು. “ಅಕ್ಕನಾ?”

“ಅಲ್ಲ ಚಿಕ್ಕಮ್ಮ,” ಅಂದೆ. “ನಾನು.”